ಬೆನ್ನ ಮೇಲಿನ ಎಂಜಿನ್, ಮೂಗಿಗೆ ಬರುವ ಹೊಗೆ

ಕಾಫಿ ಕೊಯ್ಲಿಗೆ ಮುಂಚೆ ತೋಟದ ನೆಲವನ್ನು ಹಸನು ಮಾಡಿಕೊಳ್ಳುವ ಕಾಲ. 2025ರ ನವೆಂಬರಿನಲ್ಲಿ ನಾವು ಕಣ್ಣೂರು, ಕೂತುಪರಂಬ ದಾಟಿ, ನೆಡುಂಪೊಯಿಲ್ ಘಾಟಿ ಹತ್ತಿ ವಯನಾಡಿನ ಪಯ್ಯಂಪಳ್ಳಿಗೆ ಹೋಗಿದ್ದೆವು. ಮಾನಂತವಾಡಿಗೆ ಸಮೀಪದ ಊರು. ಕಬಿನಿ ಹೊಳೆಯ ಕುರುವಾ ದ್ವೀಪವನ್ನು ನೋಡಲು ಹೋದವರು ಈ ಹೆಸರನ್ನು ಕೇಳಿರಬಹುದು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮಾವನ ಮನೆಯ ಮೂರೆಕರೆ ಕಾಫಿ, ಕರಿಮೆಣಸಿನ ತೋಟವನ್ನು ನೋಡಿಕೊಂಡು ಅಲ್ಲಿಯೇ ನೆಲಸಿದ್ದಾನೆ. ಎರಡು ದಿನ ಇದ್ದು ಬನ್ನಿ ಎಂದು ಅವನು ಕರೆಯುತ್ತಲೇ ಇದ್ದ.

ಹೋದಾಗ ಮನೆಯಲ್ಲಿ ಸಂತೋಷದ ವಾತಾವರಣವೇನೂ ಇರಲಿಲ್ಲ. ಹುಲ್ಲು ಹೆರೆಯುವ ಎರಡು ಯಂತ್ರಗಳ ಪೈಕಿ ಒಂದು ಹಿಂದಿನ ದಿನವಷ್ಟೇ ಸೀಜ್ ಆಗಿ ಅಂಗಳದಲ್ಲಿ ಬಿದ್ದಿತ್ತು. ಪಿಸ್ಟನ್, ಸಿಲಿಂಡರ್ ಎರಡೂ ಗೀರಿ ಹೋಗಿದ್ದವು. ಇನ್ನೊಂದು ಯಂತ್ರ ತೋಟದೊಳಗೆ ಓಡುತ್ತಿತ್ತು. ಅದರ ಸದ್ದಿಗಿಂತ ಮೊದಲು ಹೊಗೆಯೇ ನಮ್ಮನ್ನು ಎದುರುಗೊಂಡಿತು. ಅದನ್ನು ಹೆಗಲಿಗೆ ಹಾಕಿಕೊಂಡು ದುಡಿಯುತ್ತಿದ್ದವನು ಬಾವಲಿ ಗಡಿ ದಾಟಿ ಎಚ್.ಡಿ. ಕೋಟೆ ಕಡೆಯಿಂದ ಬಂದ ಆಳು. ಕನ್ನಡದವರು ಎಂದು ತಿಳಿದಾಗ ಅವನಿಗೂ ಮಾತನಾಡುವ ಉಮೇದು ಬಂತು.

“ಸಂಜೆ ಹೊತ್ಗೆ ತಲೆ ಸಿಡೀತದೆ ಮೇಷ್ಟ್ರೇ, ಉಣ್ಣಕ್ಕೂ ಮನಸ್ಸು ಬರಲ್ಲ. ಬಯಲಾಗಾದ್ರೆ ಪರವಾಗಿಲ್ಲ, ಗಿಡದ ಒಳಗೆ ನುಗ್ಗಿದ್ರೆ ಹೊಗೆ ಅಲ್ಲೇ ನಿಂತ್ಕತದೆ” ಎಂದ.

ನಮ್ಮ ಶಿಷ್ಯನು ಇದನ್ನು ಕೇಳಿಸಿಕೊಂಡವನೇ, “ಎಣ್ಣೆ ಸ್ವಲ್ಪ ಜಾಸ್ತಿ ಹಾಕಿಸ್ತೇನೆ ಸರ್, ಇದೂ ಸೀಜ್ ಆದ್ರೆ ಕಷ್ಟ” ಎಂದು ಸಮಜಾಯಿಷಿ ಕೊಟ್ಟ. ಒಬ್ಬನ ತಲೆನೋವಿಗೂ ಇನ್ನೊಬ್ಬನ ಯಂತ್ರಕ್ಕೂ ಒಂದೇ ಕ್ಯಾನು ಕಾರಣವೆಂಬುದು ಆ ಎರಡು ದಿನಗಳಲ್ಲಿ ನಮಗೆ ಮನವರಿಕೆಯಾಯಿತು. ನಮ್ಮ ಜಿಲ್ಲೆಯಲ್ಲಿಯೂ ಅಡಿಕೆ, ರಬ್ಬರು ತೋಟವಿದ್ದವರ ಮನೆಯಲ್ಲಿ ಇಂತಹ ಯಂತ್ರವೊಂದು ಇದ್ದೇ ಇರುತ್ತದೆ. ಆದುದರಿಂದ ಈ ಸಂಗತಿಯನ್ನು ಓದುಗರ ಮುಂದಿಡುತ್ತಿದ್ದೇವೆ.

ಈ ಯಂತ್ರಗಳಲ್ಲಿ ಬಹಳಷ್ಟು ಟೂ-ಸ್ಟ್ರೋಕ್ ಎಂಜಿನಿನವು. ಹಗುರ, ಅಗ್ಗ, ಹೇಗೆ ಓರೆ ಮಾಡಿದರೂ ಓಡುತ್ತವೆ. ಆದರೆ ಇದರಲ್ಲಿ ಸುಟ್ಟ ಹೊಗೆ ಹೊರಗೆ ಹೋಗುವ ದಾರಿಯೂ ಹೊಸ ಪೆಟ್ರೋಲ್-ಗಾಳಿ ಒಳಗೆ ಬರುವ ದಾರಿಯೂ ಕ್ಷಣಕಾಲ ಒಟ್ಟಿಗೆ ತೆರೆದಿರುತ್ತವೆ. ಬಾಗಿಲಲ್ಲಿ ಬಂದವನು ಹಿತ್ತಿಲಿನಿಂದ ಹೊರಟುಹೋದ ಹಾಗೆ, ಸರಳ ರಚನೆಯ ಎಂಜಿನಿನಲ್ಲಿ ಹಾಕಿದ ಪೆಟ್ರೋಲಿನ ಸುಮಾರು ಕಾಲು ಪಾಲು ಉರಿಯದೆಯೇ ಹೊರಬೀಳುತ್ತದೆ. ಅದರೊಡನೆ ಅರೆಬೆಂದ ಎಣ್ಣೆ ನೀಲಿ ಹೊಗೆಯಾಗಿ ಬರುತ್ತದೆ. ಮೂರನೆಯದು ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಕಾರ್ಬನ್ ಮೊನಾಕ್ಸೈಡ್. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿದ ಬಲದಿಂದ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಊಟ ಸೇರದಿರುವುದು ಇವೆಲ್ಲ ಅದರ ಮೊದಲ ಸೂಚನೆಗಳು. ನೆರಳು ಮರಗಳ ಕೆಳಗೆ, ಆಳೆತ್ತರದ ಕಾಫಿ ಗಿಡಗಳ ನಡುವೆ ಗಾಳಿಯಾಡುವುದಿಲ್ಲ. ಹೊಗೆ ಬಿಡುವವನೂ ಕುಡಿಯುವವನೂ ಅಲ್ಲಿ ಒಬ್ಬನೇ.

ರಸ್ತೆಗೆ ಇಳಿಯುವ ಬೈಕಿಗೆ ಹೊಗೆ ತಪಾಸಣೆಯ ಚೀಟಿ ಬೇಕು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಬೈಕುಗಳಲ್ಲಿ ಹೊಗೆಯ ಆಮ್ಲಜನಕವನ್ನು ಅಳೆದು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುವ ಏರ್ಪಾಡು, ವಿಷವನ್ನು ಮುರಿಯುವ ಕ್ಯಾಟಲಿಟಿಕ್ ಕನ್ವರ್ಟರ್ ಎರಡೂ ಇವೆ. ಬೆನ್ನಿಗೆ ಕಟ್ಟಿಕೊಳ್ಳುವ ಯಂತ್ರಕ್ಕೆ ಚೀಟಿಯನ್ನು ಕೇಳುವವರಿಲ್ಲ; ಅದರಲ್ಲಿ ಇರುವುದು ಒಂದು ಪುಟ್ಟ ಕಾರ್ಬುರೇಟರ್, ಒಂದೆರಡು ತಿರುಪು, ಅಷ್ಟೆ. ಹಾಗಾದರೆ ಅದರ ಹೊಗೆಯನ್ನು ಹತೋಟಿಯಲ್ಲಿಡುವವರು ಯಾರು? ಪೆಟ್ರೋಲಿಗೆ ಎಣ್ಣೆ ಬೆರೆಸುವ ಕೈಯೇ ಹೊರತು ಬೇರೆ ಯಾರೂ ಅಲ್ಲ.

ಎಣ್ಣೆ ಹೆಚ್ಚು ಹಾಕಿದರೆ ಯಂತ್ರಕ್ಕೆ ಒಳ್ಳೆಯದು ಎಂಬುದು ನಮ್ಮ ಶಿಷ್ಯನೊಬ್ಬನ ನಂಬಿಕೆಯಲ್ಲ, ಊರೆಲ್ಲ ಹಬ್ಬಿದ ನಂಬಿಕೆ. ಸಾಧಾರಣ 2ಟಿ ಎಣ್ಣೆಯಾದರೆ ಲೀಟರಿಗೆ 40 ಮಿ.ಲೀ., ಎಫ್‌ಡಿ ದರ್ಜೆಯ ಉತ್ತಮ ಎಣ್ಣೆಯಾದರೆ 20 ಮಿ.ಲೀ. ಸಾಕೆಂದು ಯಂತ್ರದ ಕೈಪಿಡಿಗಳು ಸಾಮಾನ್ಯವಾಗಿ ಹೇಳುತ್ತವೆ. ಪಯ್ಯಂಪಳ್ಳಿಯಲ್ಲಿ ನಾವು ನೋಡಿದಾಗ ಬಾಟಲಿಯ ಮುಚ್ಚಳವೇ ಅಳತೆ. ಲೀಟರಿಗೆ ನಾಲ್ಕು ಮುಚ್ಚಳ, ಮೇಲೆ “ಇರ್ಲಿ” ಎಂದು ಅರ್ಧ! ನೀರು ಸುರಿದು ಅಳೆದರೆ 70 ಮಿ.ಲೀ.ಗೂ ಹೆಚ್ಚಾಯಿತು. ಹೆಚ್ಚಿನ ಎಣ್ಣೆ ಉರಿಯುವುದಿಲ್ಲ. ಮಸಿಯಾಗಿ ಹೊಗೆಯ ತೂತನ್ನೂ ಸೈಲೆನ್ಸರಿನ ಜಾಲರಿಯನ್ನೂ ಕಟ್ಟುತ್ತದೆ. ಹೊಗೆ ಹೊರಗೆ ಹೋಗಲಾರದೆ ಎಂಜಿನ್ ಸೋಲುತ್ತದೆ. ಸೋತಿತೆಂದು ತಿರುಪು ತಿರುಗಿಸಿ ಪೆಟ್ರೋಲ್ ಹೆಚ್ಚು ಮಾಡುತ್ತಾರೆ. ಕಾರ್ಬನ್ ಮೊನಾಕ್ಸೈಡ್ ಇನ್ನಷ್ಟು ಏರುತ್ತದೆ. ಇದು ಮದ್ದೇ ರೋಗವಾದ ಕತೆ.

ಇಷ್ಟು ಎಣ್ಣೆ ಇದ್ದೂ ಮೊದಲನೆಯ ಯಂತ್ರ ಸೀಜ್ ಆದದ್ದೇಕೆ? ಕ್ಯಾನಿನಲ್ಲಿ ಉಳಿದಿದ್ದುದನ್ನು ಗಾಜಿನ ಬಾಟಲಿಗೆ ಸುರಿದು ಬಿಸಿಲಿಗೆ ಹಿಡಿದೆವು. ಮೇಲೆ ಎಣ್ಣೆಯ ಹಸಿರು ಬಣ್ಣದ ಪೆಟ್ರೋಲ್, ತಳದಲ್ಲಿ ಎರಡು ಬೆರಳಷ್ಟು ಬಣ್ಣವಿಲ್ಲದ ಮಬ್ಬು ದ್ರವ. ಜೂನ್ ತಿಂಗಳಲ್ಲಿ ತಂದ ಪೆಟ್ರೋಲ್, ಮುಚ್ಚಳದ ವಾಷರ್ ಹರಿದ ಕ್ಯಾನು, ಕೊಟ್ಟಿಗೆಯ ಜಗಲಿ, ವಯನಾಡಿನ ಮಳೆಗಾಲ. ಇನ್ನು ಹೇಳಬೇಕಾದ್ದೇನಿದೆ?

ಹಿಂದಿನ ಪೆಟ್ರೋಲಾಗಿದ್ದರೆ ನೀರು ತಳದಲ್ಲಿ ಬೇರೆಯೇ ನಿಲ್ಲುತ್ತಿತ್ತು. ಈಗಿನದು ಹಾಗಲ್ಲ. 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿಗೆ ಶೇಕಡ 10 ಎಥನಾಲ್ ಬೆರೆಸುವ ಗುರಿ ಮುಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಶೇಕಡ 20 ಬೆರಕೆಯ ಇ-20 ಪೆಟ್ರೋಲಿಗೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದೇ ಎಲ್ಲ ಕಡೆಗೂ ಬಂದಿತು. ಎಥನಾಲಿಗೆ ಪೆಟ್ರೋಲಿಗಿಂತ ನೀರಿನ ಮೇಲೆ ಪ್ರೀತಿ ಜಾಸ್ತಿ. ಸ್ವಲ್ಪ ನೀರಾದರೆ ಕರಗಿಸಿಕೊಂಡು ಸುಮ್ಮನಿರುತ್ತದೆ. ಮಿತಿ ಮೀರಿದರೆ ಪೆಟ್ರೋಲಿನ ಸಹವಾಸ ಬಿಟ್ಟು ನೀರಿನೊಡನೆ ತಳಕ್ಕೆ ಇಳಿಯುತ್ತದೆ. ಚಳಿಯಾದಷ್ಟೂ ಈ ಮಿತಿ ಕಡಿಮೆ. ಎಣ್ಣೆ ಮಾತ್ರ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ಯಂತ್ರದ ಟ್ಯಾಂಕಿನ ಹೀರುಕೊಳವೆ ಇರುವುದು ತಳದಲ್ಲಿ. ಅದು ಹೀರಿದ್ದು ಎಣ್ಣೆಯ ಹನಿಯೂ ಇಲ್ಲದ ಸಾರಾಯಿ ನೀರನ್ನು. ಪಿಸ್ಟನ್ ಹಿಡಿಯದೆ ಇನ್ನೇನಾದೀತು? ನಾಲ್ಕು ಮುಚ್ಚಳವಲ್ಲ, ಹತ್ತು ಮುಚ್ಚಳ ಹಾಕಿದ್ದರೂ ಇದೇ ಗತಿ.

ಊರಿಗೆ ಮರಳಿದ ಮೇಲೆ ಇದನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ತೋರಿಸಿದೆವು. (ಬೆಂಕಿಯ ಭಯವಿರುವುದರಿಂದ ಪ್ರಯೋಗಶಾಲೆಯಲ್ಲಲ್ಲ, ಮೈದಾನದ ಬದಿಯಲ್ಲಿ, ಮಕ್ಕಳು ದೂರ, ನಾವು ಹತ್ತಿರ.) ನೂರು ಮಿ.ಲೀ. ಅಳತೆಯ ಗಾಜಿನ ಜಾಡಿಯಲ್ಲಿ 10 ಮಿ.ಲೀ. ನೀರು, ಮೇಲೆ 90 ಮಿ.ಲೀ. ಪೆಟ್ರೋಲ್ ಹಾಕಿ ಮುಚ್ಚಿ ಕುಲುಕಿ ಇಟ್ಟೆವು. ತಿಳಿಯಾದ ಮೇಲೆ ನೋಡಿದರೆ ತಳದ ಪದರ 10ರ ಗೆರೆಯಿಂದ 27ಕ್ಕೆ ಏರಿದೆ! “ನೀರು ಮರಿ ಹಾಕಿತಾ ಸರ್?” ಎಂದು ಒಬ್ಬ ಕೇಳಿದ. ಏರಿದ ಹದಿನೇಳು ಮಿ.ಲೀ. ಎಲ್ಲಿಂದ ಬಂತು ಎಂಬ ಲೆಕ್ಕವನ್ನು ಮಕ್ಕಳೇ ಮಾಡಿ ಹೇಳಿದರು. ಪಠ್ಯಪುಸ್ತಕದಲ್ಲಿ ಎರಡು ತಿಂಗಳು ಹೇಳಿದ್ದಕ್ಕಿಂತ ಇದು ಬೇಗ ತಲೆಗೆ ಹೋಯಿತು.

ಎಥನಾಲ್ ಕೆಟ್ಟದ್ದೆಂದು ನಮ್ಮ ವಾದವಲ್ಲ. ಅದರ ತೂಕದಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಆಮ್ಲಜನಕವೇ ಇರುವುದರಿಂದ ಕಾರ್ಬನ್ ಮೊನಾಕ್ಸೈಡ್ ಕಡಿಮೆಯಾಗುತ್ತದೆ. ಆದರೆ ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಎಥನಾಲಿಗೆ 9 ಕಿಲೋ ಸಾಕು. ಬೈಕಿನ ಯಂತ್ರ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿಯಿಲ್ಲ. ಬರಿಯ ಪೆಟ್ರೋಲಿಗೆ ಹದ ಮಾಡಿದ ತಿರುಪಿನಲ್ಲಿ ಇ-20 ಹಾಕಿದರೆ ಇಂಧನಕ್ಕೆ ಗಾಳಿ ಹೆಚ್ಚಾಗಿ ಎಂಜಿನ್ ಕಾಯುತ್ತದೆ. ಹಳೆಯ ರಬ್ಬರ್ ಕೊಳವೆ, ಕಾರ್ಬುರೇಟರಿನ ತೆಳು ಪೊರೆ ಉಬ್ಬಿ ಬಿರಿಯುವುದೂ ಉಂಟು. ಇಂತಹ ಕೈಯಂತ್ರಗಳ ಹಲವು ಕೈಪಿಡಿಗಳಲ್ಲಿ ಎಥನಾಲ್ ಶೇಕಡ 10ಕ್ಕೆ ಮಿಕ್ಕಬಾರದೆಂದು ಬರೆದಿದೆ. ಬಂಕಿನಲ್ಲಿ ಸಿಗುವುದು 20. ಈ ನಡುವಿನ ಹತ್ತರ ಹೊಣೆ ಹೊರುವವರು ಯಾರೆಂದು ಮಾರುವವರನ್ನು ಕೇಳುವ ಹಕ್ಕು ಕೊಳ್ಳುವವನಿಗೆ ಉಂಟು.

ಬೆಲೆ ಹೆಚ್ಚಿನ, ಆಕ್ಟೇನ್ ಹೆಚ್ಚಿನ ಪೆಟ್ರೋಲ್ ಹಾಕಿದರೆ ಹೊಗೆ ಕಡಿಮೆಯಾದೀತೆಂದು ಕೆಲವರು ತಿಳಿದಿದ್ದಾರೆ. ಆಕ್ಟೇನ್ ಎಂಬುದು ಎಂಜಿನ್ ಬಡಿದುಕೊಳ್ಳದಂತೆ ತಡೆಯುವ ಗುಣ, ಶುಚಿತ್ವದ ಅಂಕವಲ್ಲ. ಇ-20ರಲ್ಲಿಯೇ ಅದು 95ರಷ್ಟಿದೆ. ಸಣ್ಣ ಎಂಜಿನಿಗೆ ಅಷ್ಟೂ ಬೇಡ.

ಸೀಮೆಎಣ್ಣೆಯ ಮಾತನ್ನೂ ಹೇಳಬೇಕು. ನಾವು ಹುಡುಗರಾಗಿದ್ದಾಗ ತೋಟದ ಪಂಪಿಗೆ ಪೆಟ್ರೋಲಿನಲ್ಲಿ ಚಾಲನೆ ಕೊಟ್ಟು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಿದ್ದೆವು. ಅದಕ್ಕೆಂದೇ ಮಾಡಿದ ಎಂಜಿನ್ ಅದು. ಕರಾವಳಿಯ ದೋಣಿಗಳ ಎಂಜಿನುಗಳಿಗೂ ಸೀಮೆಎಣ್ಣೆಯೇ ಆಧಾರವಾಗಿತ್ತು. ಆ ನೆನಪಿನಲ್ಲಿ ಇಂದಿನ ಪೆಟ್ರೋಲ್ ಎಂಜಿನಿಗೆ ಅದನ್ನು ಬೆರೆಸುವವರು ಇನ್ನೂ ಇದ್ದಾರೆ. ಕಪ್ಪು ಹೊಗೆ, ಕಣ್ಣುರಿ, ಮಸಿ ಕಟ್ಟಿದ ಪ್ಲಗ್ಗು. ಉಳಿಸಿದ ಕಾಸು ಮೆಕಾನಿಕನ ಪಾಲು.

ಹೊರದೇಶಗಳಲ್ಲಿಯೂ ಈ ಪ್ರಶ್ನೆ ಕಾಡಿನ ಕೆಲಸಗಾರರ ಉಸಿರಿನಿಂದಲೇ ಎದ್ದಿತು. ಸ್ವೀಡನ್ನಿನಲ್ಲಿ ದಿನವಿಡೀ ಗರಗಸ ಹಿಡಿಯುವವರಿಗಾಗಿ 1980ರ ದಶಕದ ಕೊನೆಯಲ್ಲಿ ಆಲ್ಕಿಲೇಟ್ ಎಂಬ ಪೆಟ್ರೋಲ್ ಮಾರುಕಟ್ಟೆಗೆ ಬಂತು. ಕ್ಯಾನ್ಸರಿಗೆ ಕಾರಣವಾಗುವ ಬೆಂಜೀನ್ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಬಿಎಸ್-6 ಪೆಟ್ರೋಲಿನಲ್ಲಿ ಶೇಕಡ 1ರ ವರೆಗೆ ಬೆಂಜೀನ್ ಇರಬಹುದು. (ಕೊಳವೆಗೆ ಬಾಯಿ ಹಚ್ಚಿ ಪೆಟ್ರೋಲ್ ಎಳೆಯುವವರು ಇದನ್ನು ಎರಡು ಸಲ ಓದಲಿ.) ಎಲೆ ಗುಡಿಸುವ ಪೆಟ್ರೋಲ್ ಯಂತ್ರವನ್ನು ಒಂದು ಗಂಟೆ ಓಡಿಸಿದರೆ, ಕಾರನ್ನು ಸುಮಾರು 1,770 ಕಿಲೋಮೀಟರ್ ಓಡಿಸಿದಷ್ಟು ಹೊಗೆಮಂಜಿನ ಮಾಲಿನ್ಯ ಆಗುತ್ತದೆಂದು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ವಾಯು ಮಂಡಳಿ ಲೆಕ್ಕ ಹಾಕಿದೆ. ಕಾಸರಗೋಡಿನಿಂದ ತಿರುವನಂತಪುರಕ್ಕೆ ಹೋಗಿ, ಬಂದು, ಪುನಃ ಹೋದಷ್ಟು ದೂರ! ಆ ರಾಜ್ಯ 2021ರಲ್ಲಿ ಕಾನೂನು ಮಾಡಿ, 2024ರಿಂದ ಇಂತಹ ಹೊಸ ಸಣ್ಣ ಎಂಜಿನುಗಳನ್ನು ಬಹುಮಟ್ಟಿಗೆ ನಿಲ್ಲಿಸುವ ದಾರಿ ಹಿಡಿಯಿತು.

ನಮ್ಮ ಶಿಷ್ಯನಿಗೆ ಅಷ್ಟು ದೂರದ ಉಪದೇಶದಿಂದ ಉಪಯೋಗವಿಲ್ಲ. ಮಾನಂತವಾಡಿಯ ಔಷಧದ ಅಂಗಡಿಯಿಂದ 20 ಮಿ.ಲೀ. ಸಿರಿಂಜ್ ಒಂದನ್ನು ತರಿಸಿದೆವು. ಎಫ್‌ಡಿ ದರ್ಜೆಯ ಎಣ್ಣೆ, ಲೀಟರಿಗೆ ಒಂದು ಸಿರಿಂಜ್. ಆ ಯಂತ್ರದ ಕೈಪಿಡಿಯಲ್ಲಿಯೂ ಇದೇ ಅಳತೆ ಇತ್ತು. ಬಿಗಿ ಮುಚ್ಚಳದ ತಗಡಿನ ಡಬ್ಬಿ. ಒಂದು ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್. ಮಳೆ ಹಿಡಿದು ಕೆಲಸ ನಿಂತರೆ ಟ್ಯಾಂಕನ್ನು ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಇಡುವುದು. ಸೈಲೆನ್ಸರ್ ಬಿಚ್ಚಿ ಮಸಿ ಕೆರೆದೆವು. ಗಾಳಿಯ ಸ್ಪಂಜನ್ನು ಸೋಪಿನ ನೀರಿನಲ್ಲಿ ತೊಳೆದಾಗ ಇಳಿದ ಬಣ್ಣ ಕಾಫಿ ಕಷಾಯದಂತಿತ್ತು. ತಿರುಪನ್ನು ಮಾತ್ರ ನಾವು ಮುಟ್ಟಲಿಲ್ಲ, ಅದು ತಿಳಿದವರ ಕೆಲಸ.

ಸತ್ತ ಯಂತ್ರದ ಬದಲಿಗೆ ಫೋರ್-ಸ್ಟ್ರೋಕಿನದನ್ನು ಕೊಳ್ಳೆಂದು ಹೇಳಿದೆವು. ಇದರಲ್ಲಿ ಎಣ್ಣೆ ಬೇರೆ, ಪೆಟ್ರೋಲ್ ಬೇರೆ. ಉರಿಯದೆ ಹೋಗುವ ಪೆಟ್ರೋಲ್ ಬಹಳ ಕಡಿಮೆ. ತೂಕ ತುಸು ಹೆಚ್ಚು, ಎಣ್ಣೆಯ ಮಟ್ಟ ನೋಡುತ್ತಿರಬೇಕು, ಹದ ತಪ್ಪಿದರೆ ಕಾರ್ಬನ್ ಮೊನಾಕ್ಸೈಡ್ ಇದರಲ್ಲಿಯೂ ಬರುತ್ತದೆ. ಬ್ಯಾಟರಿಯದು ಅಂಗಳಕ್ಕೆ ಸರಿ, ಮೂರೆಕರೆಗೆ ಬ್ಯಾಟರಿ ಬದಲಿಸುತ್ತಲೇ ಇರಬೇಕಾದೀತು. ಗಿಡಗಳ ಬುಡದ ಇಕ್ಕಟ್ಟಿನಲ್ಲಿ ಕತ್ತಿಯೇ ಆಗಲಿ ಎಂದು ಆಳು ಹೇಳಿದ. ಅದು ನಮಗೂ ಸರಿಯೆನಿಸಿತು.

ಜನವರಿಯಲ್ಲಿ ಕೊಯ್ಲಿನ ನಡುವೆ ಶಿಷ್ಯ ಫೋನ್ ಮಾಡಿದ್ದ. ಫೋರ್-ಸ್ಟ್ರೋಕ್ ಯಂತ್ರ ಕೊಂಡಿದ್ದಾನೆ. ಹಳೆಯದಕ್ಕೆ ಎಣ್ಣೆ ಬೆರೆಸುವ ಕೆಲಸವನ್ನು ಈಗ ಅದನ್ನು ಹೊರುವವನಿಗೇ ಒಪ್ಪಿಸಿದ್ದಾನಂತೆ. ಸಿರಿಂಜ್ ಅವನ ಅಂಗಿಯ ಜೇಬಿನಲ್ಲಿಯೇ ಇರುತ್ತದಂತೆ, ಬೇರೆ ಯಾರಿಗೂ ಕೊಡುವುದಿಲ್ಲವಂತೆ.