ಸಿಐಡಿ 999 ಮತ್ತೆ ಬರಬೇಕಾ, ಇಲ್ಲ ಹಾಗೇ ಬಿಡಬೇಕಾ?

ಕನ್ನಡದಲ್ಲಿ ಈಗ ‘ಚಾಪ್ಟರ್’ಗಳ ಕಾಲ. ‘ಕೆಜಿಎಫ್’ ಮೊದಲ ಚಾಪ್ಟರ್ 2018ರ ಡಿಸೆಂಬರ್‌ನಲ್ಲಿ ಬಂತು, ಎರಡನೆಯದು 2022ರ ಏಪ್ರಿಲ್‌ನಲ್ಲಿ. ಅದರ ಕೊನೆಯಲ್ಲಿ ಮೂರನೆಯದರ ಸುಳಿವು ಬಿಟ್ಟರು, ಆವತ್ತಿನಿಂದ ಅಭಿಮಾನಿಗಳು ಕಾಯ್ತಾನೇ ಇದ್ದಾರೆ. ‘ಕಾಂತಾರ’ 2022ರಲ್ಲಿ ಗೆದ್ದಿತು, ಅದರ ಹಿಂದಿನ ಕಥೆ 2025ರ ಅಕ್ಟೋಬರ್ 2ಕ್ಕೆ ‘ಚಾಪ್ಟರ್ 1’ ಆಗಿ ತೆರೆಗೆ ಬಂತು. ಒಂದು ಸಿನಿಮಾ ಗೆದ್ದ ಮೇಲೆ ‘ಇಲ್ಲಿಗೆ ಸಾಕು’ ಅನ್ನೋ ಮಾತು ಯಾರ ಬಾಯಲ್ಲೂ ಬರಲ್ಲ.

ಆದರೆ ಕನ್ನಡದಲ್ಲಿ ಒಂದು ಸರಣಿಯನ್ನು ಮಾಡಿದವರೇ ಸುಮ್ಮನೆ ನಿಲ್ಲಿಸಿದ್ದರು. ಅದೇ ಸಿಐಡಿ 999.

ಹತ್ತು ವರ್ಷ, ನಾಲ್ಕು ಸಿನಿಮಾ

ಜೇಮ್ಸ್ ಬಾಂಡ್ 1962ರಲ್ಲಿ ತೆರೆಗೆ ಬಂದ. ಆರೇ ವರ್ಷದಲ್ಲಿ ದೊರೆ–ಭಗವಾನ್ ಜೋಡಿ ಕನ್ನಡಕ್ಕೆ ಅಂಥದ್ದೇ ಒಬ್ಬ ಗೂಢಚಾರನನ್ನು ತಂದರು. 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಆಮೇಲೆ ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ‘ಬೇಡರ ಕಣ್ಣಪ್ಪ’, ‘ಭಕ್ತ ಕನಕದಾಸ’ ಆಗಿದ್ದ ರಾಜ್‌ಕುಮಾರ್ ಕೋಟು ಹಾಕಿ, ಪಿಸ್ತೂಲು ಹಿಡಿದು ನಿಂತರು. ನಾಲ್ಕನೇ ಸಿನಿಮಾದಲ್ಲಿ ಅವರೇ ಹಾಡಿದ ಇಂಗ್ಲಿಷ್ ಹಾಡು ಇವತ್ತಿಗೂ ರೀಲ್ಸ್‌ನಲ್ಲಿ ಓಡ್ತಾ ಇದೆ. ಹೊನ್ನಾಳಿ ಕಡೆಯ ನಮ್ಮ ಅಪ್ಪ ಆ ಸಿನಿಮಾ ನೋಡಿದ್ದು ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತು.

ಆಮೇಲೆ ಐದನೆಯದು ಬರಲೇ ಇಲ್ಲ. ಹಾಗಂತ ಜೋಡಿ ಮುರಿದಿರಲಿಲ್ಲ. ಇದೇ ದೊರೆ–ಭಗವಾನ್ ರಾಜ್‌ಕುಮಾರ್ ಅವರಿಗೆ 1982ರಲ್ಲಿ ‘ಹೊಸ ಬೆಳಕು’, 1992ರಲ್ಲಿ ‘ಜೀವನ ಚೈತ್ರ’, 1994ರಲ್ಲಿ ‘ಒಡಹುಟ್ಟಿದವರು’ ಮಾಡಿದರು. ಹದಿನಾರು ವರ್ಷ ಜೊತೆಗೇ ಕೆಲಸ ಮಾಡಿದರು, 999 ಅನ್ನೋ ನಂಬರ್ ಮಾತ್ರ ಮತ್ತೆ ಮುಟ್ಟಲಿಲ್ಲ. ರಾಜ್‌ಕುಮಾರ್ 2006ರಲ್ಲಿ ಹೋದರು, ಭಗವಾನ್ 2023ರಲ್ಲಿ. ಈಗ ಆ ಪಾತ್ರವನ್ನು ಮತ್ತೆ ಎಬ್ಬಿಸಬೇಕಾ ಅಂತ ಕೇಳಿದರೆ ಉತ್ತರ ಹೇಳಬೇಕಾದವರು ನಾವೇ.

ಮುಟ್ಟಬಾರದ್ದೂ ಇದೆ

ಎಲ್ಲಾ ಸರಣಿಯನ್ನೂ ಮತ್ತೆ ಶುರು ಮಾಡಬಹುದು ಅಂತ ನಾನು ಹೇಳಲ್ಲ. ಶಂಕರ್‌ನಾಗ್ ಅವರ ‘ಸಾಂಗ್ಲಿಯಾನ’ 1988ರಲ್ಲಿ ಬಂತು, ಎರಡನೇ ಭಾಗ 1990ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ನಮ್ಮ ದಾವಣಗೆರೆ ಪಕ್ಕದ ಆನಗೋಡು ಹತ್ತಿರ ಅಪಘಾತದಲ್ಲಿ ಅವರು ತೀರಿಕೊಂಡರು. ವಯಸ್ಸು ಬರೀ 35. ಚನ್ನಗಿರಿ, ಜಗಳೂರು ಆಟೋಗಳ ಹಿಂದೆ ಇವತ್ತಿಗೂ ಅವರ ಫೋಟೋ ಇರುತ್ತೆ. ಸಾಂಗ್ಲಿಯಾನದಲ್ಲಿ ಜನ ನೋಡಿದ್ದು ಆ ಮನುಷ್ಯನ ವೇಗವನ್ನ. ಬೇರೆಯವರಿಗೆ ಆ ಯೂನಿಫಾರ್ಮ್ ಹಾಕಿದರೆ ಅದು ಬರೀ ಬಟ್ಟೆ.

‘ಮುಂಗಾರು ಮಳೆ’ ಕಥೆಯೂ ಇದೇ. 2006ರ ಕೊನೆಯಲ್ಲಿ ಬಂದ ಯೋಗರಾಜ್ ಭಟ್ಟರ ಸಿನಿಮಾ ವರ್ಷಗಟ್ಟಲೆ ಬಾಯಲ್ಲಿ ಉಳಿಯಿತು. 2016ರಲ್ಲಿ ಬೇರೆ ನಿರ್ದೇಶಕರ ಕೈಯಲ್ಲಿ ‘ಮುಂಗಾರು ಮಳೆ 2’ ಬಂತು. ನಾಯಕ ಅದೇ ಗಣೇಶ್, ಹೆಸರೂ ಅದೇ. ಆದರೆ ಇವತ್ತು ‘ಮುಂಗಾರು ಮಳೆ’ ಅಂದರೆ ನೆನಪಾಗೋದು ಮೊದಲನೆಯದೇ ತಾನೆ?

ರೀಬೂಟ್ ಅಂದರೆ ಏನು?

ನಮ್ಮ ಆಫೀಸಿನಲ್ಲಿ ಸಿಸ್ಟಂ ಹ್ಯಾಂಗ್ ಆದರೆ ಮೊದಲು ಮಾಡೋದೇ ರೀಬೂಟ್. ಆಗ ರ‍್ಯಾಮ್ ಖಾಲಿಯಾಗುತ್ತೆ, ಡಿಸ್ಕಿನಲ್ಲಿ ಇದ್ದದ್ದು ಹಾಗೇ ಇರುತ್ತೆ. ಸಿನಿಮಾದಲ್ಲೂ ಒಳ್ಳೇ ರೀಬೂಟ್ ಅಂದರೆ ಅಷ್ಟೇ. 2006ರ ‘ಕ್ಯಾಸಿನೋ ರಾಯಲ್’ ಬಾಂಡ್‌ನ ಕೆಲಸದ ಮೊದಲ ದಿನಗಳಿಗೆ ಹೋಯಿತು. ಚಿತ್ರವಿಚಿತ್ರ ಉಪಕರಣಗಳನ್ನು ಬಹುಪಾಲು ಬಿಟ್ಟಿತು, ಆ ಮನುಷ್ಯನನ್ನು ಉಳಿಸಿಕೊಂಡಿತು.

ನಮ್ಮ ಊರುಗಳಿಗೆ ಇದು ಹೊಸದೇನಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಆಮೇಲೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು, ಒಂಥರಾ ಸ್ಪಿನ್ ಆಫ್! ಬೋರ್ಡು ಬದಲಾಯಿತು. ಅಡಿಕೆ ತೋಟದ ಮಾತು, ತುಂಗಭದ್ರೆ ದಂಡೆಯ ಮಾತು, ಜಗಳೂರಿನ ಒಣ ನೆಲದ ಮಾತು ಬದಲಾಗಲಿಲ್ಲ.

999ರಲ್ಲಿ ಡಿಸ್ಕ್ ಯಾವುದು, ರ‍್ಯಾಮ್ ಯಾವುದು? ಗೋವಾ, ಕ್ಲಬ್ ಡ್ಯಾನ್ಸು, ಕೋಟು, ವಜ್ರದ ಕಳ್ಳಸಾಗಣೆ ಎಲ್ಲಾ ಆ ಕಾಲದ್ದು, ಅದು ಹೋಗಲಿ. ಅವನು ಸರ್ಕಾರಿ ಕೆಲಸದಲ್ಲಿರೋ ಕನ್ನಡದ ಪತ್ತೇದಾರ, ತಲೆ ಓಡಿಸಿ ಕಳ್ಳನ ಬಲೆಗೆ ತಾನೇ ನುಗ್ಗುತ್ತಾನೆ. ಅದು ಉಳಿಯಲಿ.

ಇವತ್ತಿನ ಜೇಡರ ಬಲೆ

ಆ ಬಲೆ ಈಗ ನಮ್ಮ ಮನೆಯೊಳಗೇ ಇದೆ. ಚನ್ನಗಿರಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಸೋದರಮಾವನ ಅಡಿಕೆ ತೋಟ ಇದೆ. ಅಡಿಕೆ ಮಾರಿದ ದುಡ್ಡು ಅಕೌಂಟಿಗೆ ಬಿದ್ದ ವಾರವೇ ಅವರಿಗೆ ವಿಡಿಯೋ ಕಾಲ್ ಬಂತು. ಪೊಲೀಸ್ ಯೂನಿಫಾರ್ಮ್ ಹಾಕಿದವನು, ‘ನಿಮ್ಮ ಹೆಸರಿನ ಪಾರ್ಸಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ರೂಮಿಂದ ಆಚೆ ಬರಬೇಡಿ’ ಅಂದ. ಮಾವ ಮೂರು ಗಂಟೆ ಬಾಗಿಲು ಹಾಕಿಕೊಂಡು ಕೂತಿದ್ದರು. ಊಟಕ್ಕೆ ಕರೆಯೋಕೆ ಬಂದ ಅತ್ತೆ ಫೋನ್ ಕಿತ್ತುಕೊಂಡು, ‘ಪೊಲೀಸರಾದರೆ ಬಾಗಿಲಿಗೆ ಬರಲಿ, ಕಾಫಿ ಕೊಡ್ತೀನಿ’ ಅಂತ ಕಟ್ ಮಾಡಿದರು. ದುಡ್ಡು ಉಳಿಯಿತು. ಮಾವ ಮಾತ್ರ ಎಷ್ಟೋ ದಿನ ಯಾರ ಹತ್ತಿರನೂ ಸರಿಯಾಗಿ ಮಾತಾಡಲಿಲ್ಲ. ‘ಇಷ್ಟು ದಡ್ಡನಾದೆನಲ್ಲ ತಮ್ಮಾ’ ಅಂತ ನನ್ನ ಹತ್ತಿರ ಒಂದೇ ಸಲ ಅಂದರು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ, ಇಂಥ ಕಾಲ್ ಬಂದರೆ 1930ಕ್ಕೆ ಫೋನ್ ಮಾಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಮಾವನ ತಲೆಮಾರಿಗೆ ಸರ್ಕಾರಿ ಜಾಹೀರಾತು ತಲುಪೋದಕ್ಕಿಂತ ಬೇಗ ರಾಜ್‌ಕುಮಾರ್ ಹೆಸರು ತಲುಪುತ್ತೆ. ಬೆಂಗಳೂರಿನ ಸಿಐಡಿ ಆಫೀಸಿನಿಂದ ಒಬ್ಬ 999 ಹೊರಟು, ಚನ್ನಗಿರಿಯ ಒಂದು ಬ್ಯಾಂಕ್ ಅಕೌಂಟಿನಿಂದ ದುಡ್ಡಿನ ಜಾಡು ಹಿಡಿದು ಹೊರದೇಶದ ಕಾಲ್‌ಸೆಂಟರ್‌ವರೆಗೆ ಹೋದರೆ? ನ್ಯಾಮತಿಯ ಹುಡುಗನೊಬ್ಬ ನಾಲ್ಕು ಸಾವಿರದ ಆಸೆಗೆ ತನ್ನ ಅಕೌಂಟನ್ನು ಕಳ್ಳರಿಗೆ ಬಾಡಿಗೆ ಕೊಟ್ಟಿದ್ದರೆ? ಈ ಕಥೆಗೆ ಗೋವಾ ಬೇಕಾಗಿಲ್ಲ.

ಜಗಳೂರಿನ ನನ್ನ ಸಹೋದ್ಯೋಗಿ ಒಪ್ಪಲ್ಲ. ‘ಇಷ್ಟು ಒಳ್ಳೇ ಕಥೆ ಇದ್ದರೆ ಹೊಸ ಪಾತ್ರ ಮಾಡ್ರೀ, ಅಣ್ಣಾವ್ರ ನಂಬರ್ ಯಾಕೆ ಬೇಕು?’ ಅಂತಾನೆ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ಹೊಸ ಹೆಸರಿಗೆ ಮಾವ ಟಾಕೀಸಿಗೆ ಬರಲ್ಲ, 999ಕ್ಕೆ ಬರ್ತಾರೆ. ಹಳೇ ಹೆಸರನ್ನು ಬರೀ ಟಿಕೆಟ್ ಮಾರೋಕೆ ತಂದರೆ ನಾನೂ ಅವನ ಕಡೆಗೇ.

ನನ್ನ ಮೂರು ಷರತ್ತು

ಒಂದು, ಮೊದಲು ಆ ನಾಲ್ಕು ಹಳೇ ಸಿನಿಮಾಗಳ ಪ್ರಿಂಟ್ ಶುಚಿ ಮಾಡಿ, ಒಳ್ಳೇ ಗುಣಮಟ್ಟದಲ್ಲಿ ಒಂದೇ ಕಡೆ ನೋಡೋ ಹಾಗೆ ಮಾಡಲಿ. ಬ್ಯಾಕಪ್ ಇಲ್ಲದೆ ರೀಬೂಟ್ ಮಾಡಬಾರದು.

ಎರಡು, ರಾಜ್‌ಕುಮಾರ್ ಅವರನ್ನು ಎಐನಲ್ಲಿ ಮತ್ತೆ ಸೃಷ್ಟಿಸೋದು ಬೇಡ. ಹೊಸ ನಟ ತನ್ನದೇ ಮುಖದಲ್ಲಿ, ತನ್ನದೇ ದನಿಯಲ್ಲಿ ಬರಲಿ.

ಮೂರು, ಎಷ್ಟು ಸಿನಿಮಾ ಅಂತ ಶುರುವಿನಲ್ಲೇ ಹೇಳಲಿ. ಎರಡಾದರೆ ಎರಡು, ಮೂರಾದರೆ ಮೂರು, ಆಮೇಲೆ ಬೀಗ. ದೊರೆ–ಭಗವಾನ್ ನಾಲ್ಕಕ್ಕೆ ನಿಲ್ಲಿಸಿದ್ದಕ್ಕೇ ನಾವು ಐವತ್ತು ವರ್ಷ ಆದ ಮೇಲೂ ಆ ನಂಬರನ್ನು ಪ್ರೀತಿಯಿಂದ ನೆನೀತೀವಿ.

ಈ ಮೂರಕ್ಕೂ ಒಪ್ಪೋ ನಿರ್ಮಾಪಕರು ಸಿಕ್ಕರೆ ಮಾವನಿಗೆ, ಅತ್ತೆಗೆ ಮೊದಲ ದಿನದ ಟಿಕೆಟ್ ನನ್ನದು. ಸಿಗಲಿಲ್ಲ ಅಂದರೆ 999 ರಿಟೈರ್ ಆಗಿರಲಿ, ಅದೂ ಗೌರವವೇ. ನಿಮಗೆ ಯಾವ ಸರಣಿ ಮತ್ತೆ ಬೇಕು, ಯಾವುದು ಮುಗಿಯಲಿ ಅನಿಸುತ್ತೆ? ಬರೆದು ತಿಳಿಸಿ.