ಕುರ್ಚಿಯ ಸವಕಳಿಯಲ್ಲ, ಕುಳಿತವರ ಸವಕಳಿ

"ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಎಂದು ನಮ್ಮ ಹಿರಿಯರು ಸೋಮಾರಿಗಳನ್ನು ಕುರಿತು ಹೇಳಿದರು. ಕುಳಿತೇ ದುಡಿಯುವವರಿಗೂ ಈ ಗಾದೆ ಬೇರೊಂದು ಅರ್ಥದಲ್ಲಿ ಅನ್ವಯಿಸುತ್ತದೆಂದು ವೈದ್ಯಕೀಯ ಸಂಶೋಧನೆಗಳು ತೋರಿಸಿಕೊಟ್ಟಿವೆ. ಬೆಳಗ್ಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ವರ್ತಕರು ರಾತ್ರಿ ಬಾಗಿಲು ಹಾಕುವಾಗಲೇ ಏಳುವುದು ನಮ್ಮಲ್ಲಿ ಸಾಮಾನ್ಯ. ಲೆಕ್ಕಪರಿಶೋಧಕರಾದ ನಮ್ಮ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರಿಗೆ ಹೃದಯಾಘಾತವಾಯಿತು. ಅವರದು ಏಕಮಾಲೀಕತ್ವದ ಸಂಸ್ಥೆ. ಚೆಕ್ಕಿಗೆ ಸಹಿ ಹಾಕುವವರು ಅವರೊಬ್ಬರೇ. ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನ ಸರಬರಾಜುದಾರರಿಗೆ ಹಣ ಸಂದಾಯವಾಗಲಿಲ್ಲ, ಹೊಸ ಆದೇಶಗಳನ್ನು ಸ್ವೀಕರಿಸುವವರಿರಲಿಲ್ಲ. ಅವರ ಯಂತ್ರಗಳ ಸವಕಳಿಯನ್ನು ಪ್ರತಿವರ್ಷ ತಪ್ಪದೆ ಲೆಕ್ಕಹಾಕುತ್ತಿದ್ದ ನಾನು, ಮಾಲೀಕರ ದೇಹದ ಸವಕಳಿಯನ್ನು ಕುರಿತು ಒಂದು ಮಾತನ್ನೂ ಆಡಿರಲಿಲ್ಲ. ಕಾಯಿಲೆಗೆ ಕಾರಣಗಳು ಹಲವಿರಬಹುದು. ಆದರೂ ಅಂದಿನಿಂದ ಈ ವಿಷಯದಲ್ಲಿ ನನ್ನ ಆಸಕ್ತಿ ಬೆಳೆಯಿತು.

ಲಂಡನ್ ಬಸ್ಸುಗಳ ಪಾಠ

ಈ ಕ್ಷೇತ್ರದ ಮೊದಲ ಪ್ರಮುಖ ಅಧ್ಯಯನ ನಡೆದದ್ದು ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ. ವೈದ್ಯ ಜೆರಿ ಮಾರಿಸ್ ಮತ್ತು ಸಂಗಡಿಗರು ಸುಮಾರು 31,000 ಸಾರಿಗೆ ನೌಕರರ ಆರೋಗ್ಯವನ್ನು ಪರಿಶೀಲಿಸಿ, 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಚಾಲಕರು ದಿನವಿಡೀ ಕುಳಿತಿರುತ್ತಿದ್ದರು; ನಿರ್ವಾಹಕರು ಟಿಕೆಟ್ ನೀಡುತ್ತಾ ದಿನಕ್ಕೆ 500ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತುತ್ತಿದ್ದರು. ವರ್ಷವೊಂದಕ್ಕೆ ಹೃದ್ರೋಗಕ್ಕೆ ತುತ್ತಾದವರ ಪ್ರಮಾಣ ಚಾಲಕರಲ್ಲಿ ಸಾವಿರಕ್ಕೆ 2.7, ನಿರ್ವಾಹಕರಲ್ಲಿ 1.9 ಆಗಿತ್ತು. ನಡೆದು ಕಾಗದ ಹಂಚುವ ಅಂಚೆ ನೌಕರರನ್ನೂ ಕುಳಿತು ಕೆಲಸ ಮಾಡುವ ಗುಮಾಸ್ತರನ್ನೂ ಹೋಲಿಸಿದಾಗಲೂ ಇದೇ ಬಗೆಯ ವ್ಯತ್ಯಾಸ ಕಂಡುಬಂತು.

ಮೂಲತಃ ದಪ್ಪನೆಯವರೇ ಚಾಲಕ ವೃತ್ತಿಯನ್ನು ಆರಿಸಿಕೊಂಡಿದ್ದರೆ? ಲೆಕ್ಕಪರಿಶೋಧಕನಿಗೆ ಸಹಜವಾಗಿ ಏಳುವ ಈ ಆಕ್ಷೇಪ ಮಾರಿಸ್ ಅವರಿಗೂ ಹೊಳೆದಿತ್ತು. ಅವರು ಸಮವಸ್ತ್ರದ ದಾಖಲೆಗಳನ್ನು ತರಿಸಿ ಪ್ಯಾಂಟುಗಳ ಸೊಂಟದಳತೆಯನ್ನು ಪರಿಶೀಲಿಸಿದರು. 1956ರಲ್ಲಿ ಪ್ರಕಟವಾದ ಆ ವರದಿಯಂತೆ, ಎಳೆಯ ವಯಸ್ಸಿನ ಚಾಲಕರ ಸೊಂಟವೂ ನಿರ್ವಾಹಕರ ಸೊಂಟಕ್ಕಿಂತ ದೊಡ್ಡದಾಗಿತ್ತು. ತಮ್ಮ ತೀರ್ಮಾನಕ್ಕೇ ತೊಡಕಾಗಬಹುದಾದ ಅಂಶವನ್ನು ತಾವೇ ಹುಡುಕಿ ಪ್ರಕಟಿಸಿದ ಈ ಪ್ರಾಮಾಣಿಕತೆ ನಮ್ಮ ವೃತ್ತಿಗೂ ಮಾದರಿ.

ಬೆಳಗಿನ ನಡಿಗೆಯೊಂದೇ ಸಾಕೇ?

"ನಾನು ದಿನಾಲೂ ಅರ್ಧ ಗಂಟೆ ನಡೆಯುತ್ತೇನೆ, ಉಳಿದ ಹೊತ್ತು ಕುಳಿತರೇನು?" ಎಂದು ಹಲವರು ಕೇಳುತ್ತಾರೆ. 2016ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾದ, 10 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಇದಕ್ಕೆ ಉತ್ತರ ನೀಡುತ್ತದೆ. ದಿನಕ್ಕೆ 8 ಗಂಟೆಗೂ ಹೆಚ್ಚು ಕುಳಿತಿರುವವರಲ್ಲಿ ಕಂಡುಬರುವ ಅಕಾಲ ಮರಣದ ಹೆಚ್ಚುವರಿ ಅಪಾಯವು, ದಿನಕ್ಕೆ 60ರಿಂದ 75 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ ಮಾಡುವವರಲ್ಲಿ ಕಾಣಲಿಲ್ಲ. ಅರ್ಧ ಗಂಟೆಯ ನಡಿಗೆ ಸಾಲದ ಒಂದು ಭಾಗವನ್ನು ತೀರಿಸುತ್ತದೆ, ಪೂರ್ತಿ ತೀರಿಸುವುದಿಲ್ಲ.

ಕುಳಿತ ಅವಧಿಯನ್ನು ಆಗಾಗ ಮುರಿಯುವುದೂ ಉಪಯುಕ್ತ. 2012ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ, ಅಧಿಕ ತೂಕದ 19 ಮಂದಿಗೆ ಗ್ಲೂಕೋಸ್ ಪಾನೀಯ ಕೊಟ್ಟು 5 ಗಂಟೆ ಗಮನಿಸಲಾಯಿತು. 20 ನಿಮಿಷಕ್ಕೊಮ್ಮೆ ಎದ್ದು 2 ನಿಮಿಷ ನಿಧಾನವಾಗಿ ನಡೆದ ದಿನ, ರಕ್ತದಲ್ಲಿ ಸಕ್ಕರೆಯ ಏರಿಕೆ ಒಂದೇ ಸಮನೆ ಕುಳಿತ ದಿನಕ್ಕಿಂತ ಸುಮಾರು ಶೇ. 24ರಷ್ಟು ಕಡಿಮೆಯಿತ್ತು. ಚಿಕ್ಕ ಪ್ರಯೋಗವಾದರೂ ಮಧುಮೇಹ ವ್ಯಾಪಕವಾಗಿರುವ ನಮ್ಮ ನಾಡಿನಲ್ಲಿ ಗಮನಿಸತಕ್ಕ ಸಂಗತಿ.

ದಿನಕ್ಕೆ 10,000 ಹೆಜ್ಜೆ ಎಂಬ ಪ್ರಸಿದ್ಧ ಗುರಿಯ ಮೂಲ ವೈದ್ಯಶಾಸ್ತ್ರವಲ್ಲ, ವ್ಯಾಪಾರ! 1965ರಲ್ಲಿ ಜಪಾನಿನ ಕಂಪನಿಯೊಂದು ಮಾರುಕಟ್ಟೆಗೆ ತಂದ ಹೆಜ್ಜೆ ಎಣಿಸುವ ಉಪಕರಣದ ಹೆಸರೇ "ಹತ್ತು ಸಾವಿರ ಹೆಜ್ಜೆಯ ಮಾಪಕ" ಎಂದಿತ್ತು. ಅಮೆರಿಕದ ಸುಮಾರು 17,000 ವಯೋವೃದ್ಧ ಮಹಿಳೆಯರ 2019ರ ಅಧ್ಯಯನದಲ್ಲಿ 4,400 ಹೆಜ್ಜೆಗಳಿಗೇ ಲಾಭ ಕಂಡುಬಂದು, ಸುಮಾರು 7,500ರ ನಂತರ ಹೆಚ್ಚಲಿಲ್ಲ. ಅಂದರೆ, ಏನೂ ನಡೆಯದವರು ಸ್ವಲ್ಪ ನಡೆದರೂ ಪ್ರತಿಫಲ ದೊಡ್ಡದಿರಬಹುದು.

ಮಾಲೀಕರು ಮಾಡಬಹುದಾದದ್ದು

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಚಟುವಟಿಕೆಯನ್ನೂ, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಸೂಚಿಸಿದೆ. ಒಮ್ಮೆಗೆ ಕನಿಷ್ಠ 10 ನಿಮಿಷ ಎಂಬ ಹಿಂದಿನ ನಿಬಂಧನೆ ಈಗಿಲ್ಲ. ಚಿಲ್ಲರೆ ನಿಮಿಷಗಳೂ ಜಮೆಯಾಗುತ್ತವೆ. ಆದರೂ 2024ರಲ್ಲಿ ಪ್ರಕಟವಾದ ಅಂದಾಜಿನಂತೆ, 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಈ ಮಟ್ಟವನ್ನು ತಲುಪಿರಲಿಲ್ಲ.

ಕಚೇರಿಗೆ ಎತ್ತರ ಬದಲಿಸಬಹುದಾದ ಮೇಜುಗಳನ್ನು ಕೊಳ್ಳಬೇಕೇ? ಇಂಗ್ಲೆಂಡಿನಲ್ಲಿ 756 ನೌಕರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಿಳಿವಳಿಕೆ ಮತ್ತು ಪ್ರೋತ್ಸಾಹದಿಂದ ಮಾತ್ರ ಕುಳಿತಿರುವ ಸಮಯ ದಿನಕ್ಕೆ ಸುಮಾರು 22 ನಿಮಿಷ ಇಳಿಯಿತು. ಅದರೊಡನೆ ಮೇಜನ್ನೂ ಕೊಟ್ಟಾಗ ಸುಮಾರು 64 ನಿಮಿಷ ಇಳಿಯಿತು. ಆದರೆ ಆ ಸಮಯ ಬಹುಮಟ್ಟಿಗೆ ನಿಂತದ್ದರಲ್ಲೇ ಕಳೆಯಿತು. ನಿಲ್ಲುವುದು ನಡೆಯುವುದಕ್ಕೆ ಸಮವಲ್ಲ. ಬಂಡವಾಳ ಹೂಡುವ ಮೊದಲು ಖರ್ಚಿಲ್ಲದ ಕ್ರಮಗಳನ್ನು ಕೈಗೊಳ್ಳುವುದು ಲೇಸು: ಕುಡಿಯುವ ನೀರನ್ನು ಕೈಗೆಟುಕದಷ್ಟು ದೂರದಲ್ಲಿಡುವುದು, ದೂರವಾಣಿಯಲ್ಲಿ ಮಾತನಾಡುವಾಗ ಎದ್ದು ಓಡಾಡುವುದು, ಕಡತಕ್ಕಾಗಿ ಹುಡುಗನನ್ನು ಕೂಗದೆ ತಾವೇ ಹೋಗುವುದು.

ಇದೇ ವೇಳೆ ಇನ್ನೊಂದು ಮಗ್ಗುಲನ್ನು ಮರೆಯಬಾರದು. ಮಾಲೀಕರು ದಿನವಿಡೀ ಕುಳಿತಿರುವ ಅಂಗಡಿಯಲ್ಲೇ ಮಾರಾಟದ ನೌಕರರು ದಿನವಿಡೀ ನಿಂತಿರುತ್ತಾರೆ. ಅವರಿಗೆ ಆಸನ ಒದಗಿಸಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದುಪಡಿ ಮಾಡಿವೆ. ಕಾನೂನಿಗಾಗಿ ಕಾಯದೆ ನಾವೂ ಒಂದೆರಡು ಸ್ಟೂಲುಗಳನ್ನು ಹಾಕಿಸುವುದು ಔಚಿತ್ಯ. ಕುಳಿತವರು ಏಳಲಿ, ನಿಂತವರು ಕುಳಿತುಕೊಳ್ಳಲಿ.

ಹೃದ್ರೋಗ, ಮಂಡಿನೋವು ಮೊದಲಾದ ತೊಂದರೆಯುಳ್ಳವರು ವೈದ್ಯರ ಸಲಹೆ ಪಡೆದೇ ಮುಂದುವರಿಯಬೇಕು. ಈ ವಿಷಯದಲ್ಲಿ ಲೆಕ್ಕಪರಿಶೋಧಕನ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ.

ನನ್ನ ಆ ಕಕ್ಷಿದಾರರು ಚೇತರಿಸಿಕೊಂಡು ವೈದ್ಯರ ಅನುಮತಿಯ ಮೇರೆಗೆ ವ್ಯವಹಾರಕ್ಕೆ ಮರಳಿದ್ದಾರೆ. ಚೆಕ್ಕಿಗೆ ಸಹಿ ಮಾಡುವ ಅಧಿಕಾರವನ್ನು ಮಗನಿಗೂ ಕೊಟ್ಟಿದ್ದಾರೆ. ದಾಸ್ತಾನನ್ನು ಖುದ್ದಾಗಿ ಪರಿಶೀಲಿಸಿರೆಂದು ವರ್ಷಗಟ್ಟಲೆ ನಾನು ಹೇಳಿದರೂ ಕೇಳದಿದ್ದವರು, ಈಗ ದಿನಕ್ಕೆ ಎರಡು ಬಾರಿ ಗೋದಾಮನ್ನು ಸುತ್ತಿ ಬರುತ್ತಾರೆ. ಕಳೆದ ಸಲದ ಪರಿಶೋಧನೆಯಲ್ಲಿ ಅವರ ಪುಸ್ತಕದ ದಾಸ್ತಾನಿಗೂ ಗೋದಾಮಿನ ದಾಸ್ತಾನಿಗೂ ತಾಳೆಯಾಯಿತು.