ಕೆರಳಿದ ಮಿದುಳನ್ನು ತಣಿಸುವ ಅಯಸ್ಕಾಂತ

ತಂತಿಯ ಸುರುಳಿಯನ್ನು ತಲೆಗೆ ಹಿಡಿದು ಗುಂಡಿ ಒತ್ತಿದರೆ 'ಟಕ್' ಎಂಬ ಸದ್ದು. ಅದರ ಬೆನ್ನಿಗೇ ಎದುರು ಬದಿಯ ಕೈಬೆರಳು ತಾನಾಗಿ ಅದುರುತ್ತದೆ. ಬುರುಡೆ ಕೊರೆಯಬೇಕಿಲ್ಲ, ಅರಿವಳಿಕೆ ಬೇಕಿಲ್ಲ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಈ ವಿಧಾನವೇ ಟಿಎಂಎಸ್ (ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಷನ್).

ಮೋಟಾರ್ ನ್ಯೂರಾನ್ ಕಾಯಿಲೆಗೂ ಇದಕ್ಕೂ ನಂಟು ಬೆಳೆದದ್ದು ಒಂದು ಅನುಮಾನದಿಂದ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುವ, ಸ್ಟೀಫನ್ ಹಾಕಿಂಗ್ ಅವರನ್ನು ಗಾಲಿಕುರ್ಚಿಗೆ ತಳ್ಳಿದ ಈ ಕಾಯಿಲೆ ಹುಟ್ಟುವುದು ಬೆನ್ನುಹುರಿಯಲ್ಲೋ ಮಿದುಳಿನಲ್ಲೋ? ಮಿದುಳಿನ ಚಾಲಕ ಭಾಗ ಅತಿಯಾಗಿ ಕೆರಳಿ, ಗ್ಲುಟಮೇಟ್ ಎಂಬ ರಾಸಾಯನಿಕ ಸುರಿದು, ಕೆಳಗಿನ ಕೋಶಗಳನ್ನೂ ಕೊಲ್ಲುತ್ತದೆ ಎಂಬ ವಾದವನ್ನು ಆಂಡ್ರ್ಯೂ ಐಸೆನ್ 1992ರಲ್ಲಿ ಮಂಡಿಸಿದರು. 2008ರಲ್ಲಿ ಸಿಡ್ನಿಯ ಸ್ಟೀವ್ ವುಚಿಚ್, ಮ್ಯಾಥ್ಯೂ ಕೀರ್ನನ್ ಟಿಎಂಎಸ್ ಬಳಸಿ ಕಂಡದ್ದು ಅದಕ್ಕೆ ಬಲ ಕೊಟ್ಟಿತು: ದೋಷಯುಕ್ತ ಜೀನ್ ಹೊತ್ತವರಲ್ಲಿ ಕೆಲವರಿಗೆ ರೋಗಲಕ್ಷಣ ಕಾಣುವ ಮೊದಲೇ ಈ ಕೆರಳಿಕೆ ಇತ್ತು.

ಹಾಗಾದರೆ ಮಿದುಳನ್ನು ತಣಿಸಿದರೆ? ರೋಮ್‌ನ ವಿನ್ಸೆಂಜೊ ದಿ ಲಜಾರೊ ಇದರ ಬೆನ್ನು ಬಿಡದ ವೈದ್ಯ. ಅವರು ಆರಿಸಿದ್ದು 40 ಸೆಕೆಂಡುಗಳಲ್ಲಿ 600 ಟಿಎಂಎಸ್ ಮಿಡಿತ ಕೊಟ್ಟು ಕೆರಳಿಕೆ ಇಳಿಸುವ ಕ್ರಮ. ತಿಂಗಳಿಗೆ ಸತತ ಐದು ದಿನ. ಮೊದಲ ಪ್ರಯೋಗ ಆಸೆ ಹುಟ್ಟಿಸಿತು, ಮುಂದಿನದು ತಣ್ಣೀರೆರಚಿತು. ಎಲ್ಲ ಪ್ರಯೋಗಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ಸಂಸ್ಥೆಯ 2011ರ ಪರಿಶೀಲನೆಗೆ ಸಿಕ್ಕಿದ್ದು ಬರೀ ಮೂರು ಪ್ರಯೋಗ, 50 ರೋಗಿಗಳು. ಅಷ್ಟರಿಂದ ಏನನ್ನೂ ಹೇಳಲಾಗದು ಎಂಬುದೇ ತೀರ್ಪು.

ತಿಂಗಳಿಗೆ ಐದು ದಿನ ಸಾಲದೇನೋ! ಆದರೆ ನಡೆಯಲಾಗದವರನ್ನು ದಿನಾ ಆಸ್ಪತ್ರೆಗೆ ಹೊತ್ತು ತರುವವರು ಯಾರು? ಅದಕ್ಕೇ ಮುಂದಿನ ಹೆಜ್ಜೆ ನನಗೆ ಜಾಣತನದ್ದೆನಿಸುತ್ತದೆ: ಸುರುಳಿಯೂ ಇಲ್ಲ, ಕರೆಂಟೂ ಇಲ್ಲ, ಹೆಲ್ಮೆಟ್‌ನಲ್ಲಿ ಕೂರಿಸಿದ ಬಲವಾದ ನಿಯೋಡಿಮಿಯಂ ಅಯಸ್ಕಾಂತ. ಮನೆಯಲ್ಲೇ ದಿನಕ್ಕೆರಡು ಬಾರಿ ಒಂದೊಂದು ಗಂಟೆ, ಆರು ತಿಂಗಳು. ಇಟಲಿಯ 40 ರೋಗಿಗಳಲ್ಲಿ ಕೆಲವರಿಗೆ ನಿಜವಾದ ಅಯಸ್ಕಾಂತ, ಉಳಿದವರಿಗೆ ಸುಳ್ಳಿನದು. (ಚಮಚ ಹಿಡಿದು ಗುಟ್ಟು ಪತ್ತೆ ಮಾಡುವ ಆಸೆ ಯಾರಿಗೂ ಆಗಲಿಲ್ಲವೇ ಎಂದು ನನಗೆ ಕುತೂಹಲ.)

2024ರಲ್ಲಿ ಪ್ರಕಟವಾದ ಫಲಿತಾಂಶ ಅರೆಬರೆ. ಆರು ತಿಂಗಳಲ್ಲಿ ಕಾಯಿಲೆಯ ವೇಗ ತಗ್ಗಲಿಲ್ಲ. ಪ್ರಯೋಗದ ಮುಖ್ಯ ಗುರಿಯೇ ಅದು, ಹಾಗಾಗಿ ಸೋಲೆಂದೇ ಬರೆಯಬೇಕು. ಆದರೂ 18 ತಿಂಗಳವರೆಗೆ ಗಮನಿಸಿದಾಗ, ನಿಜವಾದ ಅಯಸ್ಕಾಂತ ಧರಿಸಿದ್ದವರಲ್ಲಿ ಗಂಟಲಿಗೆ ಕೊಳವೆ ಹಾಕಿಸಿಕೊಳ್ಳದೆ ಬದುಕಿದ್ದವರು ಹೆಚ್ಚು. ಇಷ್ಟು ಸಣ್ಣ ಗುಂಪಿನಲ್ಲಿ ಇದು ಅದೃಷ್ಟವೂ ಇರಬಹುದು.

ಖಿನ್ನತೆಗೆಂದು ತಂದಿಟ್ಟ ಟಿಎಂಎಸ್ ಯಂತ್ರಗಳು ಈಗ ನಮ್ಮ ಊರುಗಳಲ್ಲೂ ಇವೆ. ಮೋಟಾರ್ ನ್ಯೂರಾನ್ ಕಾಯಿಲೆಗೂ ಇದೇ ಮದ್ದೆಂದು ಯಾರಾದರೂ ಹಣ ಕೇಳಿದರೆ, ಇದು ಯಾವ ನೋಂದಾಯಿತ ಪ್ರಯೋಗದ ಭಾಗ ಎಂದು ಮೊದಲು ಕೇಳಿ. ಪ್ರಯೋಗವಾದರೆ ರೋಗಿ ಹಣ ತೆರಬೇಕಿಲ್ಲ.